ಧ್ಯಾನಕೂಟದ ಮರುದಿನ: ‘ಕ್ರಿಸ್ತುಸ್ ವಿವಿತ್’ 212ನೆಯ ಪರಿಚ್ಛೇದದ ಒಂದು ವಿಮರ್ಶಾತ್ಮಕ ಓದು

2018ರ ಅಕ್ಟೋಬರ್ ತಿಂಗಳಲ್ಲಿ ಯುವಜನರನ್ನು ಕುರಿತು ರೋಮ್‌ನಲ್ಲಿ ಸೇರಿದ್ದ ಧರ್ಮಾಧ್ಯಕ್ಷರ ಸಿನೊಡ್‌ನ ಫಲವಾಗಿ ಜಗದ್ಗುರು ಫ್ರಾನ್ಸಿಸರು ‘ಕ್ರಿಸ್ತುಸ್ ವಿವಿತ್’ ಎಂಬ ಪ್ರೇಷಿತ ಪ್ರಬೋಧನ ಪತ್ರವನ್ನು ರಚಿಸಿ, 2019ರ ಮಾರ್ಚ್ 25ರಂದು ಲೊರೆಟೊ ಪುಣ್ಯಕ್ಷೇತ್ರದಲ್ಲಿ ಅದಕ್ಕೆ ಸಹಿ ಮಾಡಿದರು. ಒಂಬತ್ತು ಅಧ್ಯಾಯ, 299 ಪರಿಚ್ಛೇದಗಳ ಆ ದೀರ್ಘ ಪತ್ರದಲ್ಲಿ ನಮ್ಮ ಯುವನಿರ್ದೇಶಕರ ಸಭೆಗಳಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವುದು ಏಳನೆಯ ಅಧ್ಯಾಯದ 212ನೆಯ ಪರಿಚ್ಛೇದ. ಅದರ ಸಾರ ಇಷ್ಟು: ಕೆಲವೆಡೆ ಹರೆಯದವರಿಗೆ ದೇವರ ಗಾಢ ಅನುಭವವಾಗುವಂತೆ, ಯೇಸುವಿನ ಭೇಟಿ ಅವರ ಹೃದಯವನ್ನು ಮುಟ್ಟುವಂತೆ ನೆರವಾಗುತ್ತಾರೆ, ಆದರೆ ಅದರ ಮುಂದುವರಿಕೆಯಾಗಿ ಅವರಿಗೆ ದೊರೆಯುವುದು ಸಿದ್ಧಾಂತ, ನೈತಿಕತೆ, ಕಾಲದ ಕೇಡುಗಳು, ವಿವಾಹ, ಶುದ್ಧತೆ ಮುಂತಾದವನ್ನು ಕುರಿತ ಉಪನ್ಯಾಸಗಳ ಸರಮಾಲೆ ಮಾತ್ರ. ಮಕ್ಕಳು ಬೇಸತ್ತು, ಭೇಟಿಯ ಕಿಚ್ಚನ್ನು ಕಳೆದುಕೊಂಡು ದೂರವಾಗುತ್ತಾರೆ. ಆದುದರಿಂದ ಸಿದ್ಧಾಂತವನ್ನು ಹೇರಳವಾಗಿ ತುಂಬುವ ಆತುರಕ್ಕಿಂತ, ಕ್ರೈಸ್ತ ಬಾಳನ್ನು ಎತ್ತಿಹಿಡಿಯುವ ಮಹಾ ಅನುಭವಗಳನ್ನು ಮೊದಲು ಎಚ್ಚರಿಸಿ ಬೇರೂರಿಸುವ ಕೆಲಸ ಆಗಬೇಕು.

ಈ ರೋಗನಿದಾನ ಸರಿಯಾಗಿದೆ. ಔಷಧಿ ಅರ್ಧ ಮಾತ್ರ ಇದೆ ಎಂಬುದು ನಮ್ಮ ವಾದ. ಅನುಭವವನ್ನು ಉಪನ್ಯಾಸಗಳು ಆರಿಸಿಬಿಡುತ್ತವೆ ಎಂದು ಪತ್ರ ಹೇಳುತ್ತದೆ. ಆದರೆ ಉಪನ್ಯಾಸಗಳೇ ಇಲ್ಲದಿದ್ದರೂ, ಯಾರ ತಪ್ಪೂ ಇಲ್ಲದೆಯೂ, ಅನುಭವದ ಬಿಸಿ ತಾನಾಗಿಯೇ ಇಳಿಯುವ ಒಂದು ಕಾಲವಿದೆ. 212ರಿಂದ 214ರವರೆಗಿನ ಪರಿಚ್ಛೇದಗಳು ಆ ಕಾಲಕ್ಕೆ ಒಂದು ಹೆಸರನ್ನೂ ಕೊಡುವುದಿಲ್ಲ. ಹೆಸರಿಲ್ಲದ ಕಾರಣ ‘ಅನುಭವವನ್ನು ಮತ್ತೆ ಎಚ್ಚರಿಸಿರಿ’ ಎಂಬ ಸದುದ್ದೇಶದ ಮಾತು ನಮ್ಮ ನೆಲಕ್ಕಿಳಿದಾಗ ‘ಇನ್ನೊಂದು ಧ್ಯಾನಕೂಟ ಏರ್ಪಡಿಸಿರಿ’ ಎಂದಾಗಿಬಿಡುತ್ತದೆ. ಒಂದು ಕೂಟದ ಕಾವು ಇಳಿಯಿತೆಂದು ಇನ್ನೊಂದು, ಅದರದು ಇಳಿಯಿತೆಂದು ಮತ್ತೊಂದು.

ನಮ್ಮ ಕರ್ನಾಟಕದ ಪಂಚಾಂಗವನ್ನೇ ನೋಡೋಣ. ಮಾರ್ಚ್–ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುತ್ತದೆ. ಏಪ್ರಿಲ್–ಮೇ ಬೇಸಿಗೆ ರಜೆ ಧ್ಯಾನಕೂಟಗಳ ಸುಗ್ಗಿ; ದಸರಾ ರಜೆಯಲ್ಲಿ ಒಂದು ಸಣ್ಣ ಹಿಂಗಾರು. ಧರ್ಮಕೇಂದ್ರದ ಸಭಾಂಗಣದಲ್ಲಿಯೇ ನಡೆಸುವವರಿದ್ದಾರೆ, ಮುಲ್ಕಿಯ ಡಿವೈನ್ ಕಾಲ್ ಸೆಂಟರ್‌ಗೆ ಮಕ್ಕಳನ್ನು ಕರೆದೊಯ್ಯುವವರಿದ್ದಾರೆ, ಬಸ್ಸು ಮಾಡಿಕೊಂಡು ಕೇರಳದ ಮುರಿಂಗೂರಿನವರೆಗೆ ಹೋಗುವವರೂ ಇದ್ದಾರೆ. ಯಾವುದೋ ಒಂದು ಕೇಂದ್ರದ ಗುಣದೋಷ ಎಣಿಸುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಮೂರರಿಂದ ಐದು ದಿನ ಮೊಬೈಲ್ ಇಲ್ಲ, ಮನೆಯ ಜಗಳವಿಲ್ಲ, ಅಂಕಗಳ ಚಿಂತೆಯಿಲ್ಲ; ಹಾಡು, ವಾಕ್ಯ, ದೀರ್ಘವಾದ ಪಾಪನಿವೇದನೆ, ರಾತ್ರಿ ಮೇಣದ ಬತ್ತಿಯ ಬೆಳಕಿನಲ್ಲಿ ಪರಮಪ್ರಸಾದದ ಆರಾಧನೆ, ಪವಿತ್ರಾತ್ಮರ ಅಭಿಷೇಕಕ್ಕಾಗಿ ಪ್ರಾರ್ಥನೆ. ಹದಿನಾರರ ಹುಡುಗ ಅಳುತ್ತಾನೆ. ಯೇಸು ತನ್ನನ್ನು ಹೆಸರು ಹಿಡಿದು ಬಲ್ಲರೆಂಬುದು ಅವನಿಗೆ ಮೊದಲ ಬಾರಿಗೆ ಖಚಿತವಾಗುತ್ತದೆ. ಅದೇ ಹುಡುಗ ಜೂನ್‌ನಲ್ಲಿ ಪದವಿಪೂರ್ವ ಕಾಲೇಜಿಗೆಂದು ಬೇರೆ ಊರಿನ ಹಾಸ್ಟೆಲ್ ಸೇರುತ್ತಾನೆ. ಹಲವೆಡೆ ಭಾನುವಾರದ ಧರ್ಮೋಪದೇಶ ತರಗತಿಯೂ ಹತ್ತನೆಯ ಇಯತ್ತೆಗೆ ಮುಗಿದಿರುತ್ತದೆ. ಹೊಸ ಊರಿನ ದೇವಾಲಯದಲ್ಲಿ ಅವನನ್ನು ಬಲ್ಲವರಿಲ್ಲ. ಅಂದರೆ, ಅನುಭವ ಅತ್ಯಂತ ಎತ್ತರದಲ್ಲಿರುವ ಗಳಿಗೆಯಲ್ಲಿಯೇ ಆಸರೆಗಳೆಲ್ಲ ಒಮ್ಮೆಗೇ ಕಳಚಿ ಬೀಳುವಂತೆ ನಾವು ವ್ಯವಸ್ಥೆ ಮಾಡಿದ್ದೇವೆ. ಯೋಚಿಸಿ ಮಾಡಿದ್ದಲ್ಲ, ಶಾಲೆಯ ರಜೆ ನೋಡಿ ಮಾಡಿದ್ದು.

ಆರೇಳು ವಾರಗಳಲ್ಲಿ ಬಿಸಿ ಇಳಿಯುತ್ತದೆ. ಪ್ರಾರ್ಥಿಸಲು ಕುಳಿತರೆ ಏನೂ ಅನ್ನಿಸುವುದಿಲ್ಲ. ಬಿಟ್ಟೆನೆಂದು ಶಪಥ ಮಾಡಿದ ಹಳೆಯ ಪಾಪ ಹಾಸ್ಟೆಲ್ ಕೋಣೆಯಲ್ಲಿ ಮತ್ತೆ ಹಾಜರು. ಆಗ ಆ ಮಗು ಎರಡು ತೀರ್ಮಾನಗಳಲ್ಲಿ ಒಂದಕ್ಕೆ ಬರುತ್ತದೆ. ಒಂದು: ‘ಅಂದು ಆದದ್ದು ಸುಳ್ಳು; ಹಾಡು, ಕತ್ತಲೆ, ಜನಸಂದಣಿ ಸೇರಿ ನನ್ನನ್ನು ಅಳಿಸಿದವು.’ ಇನ್ನೊಂದು: ‘ಅಂದು ಆದದ್ದು ನಿಜ, ನಾನೇ ಕೆಟ್ಟವನು, ದೇವರು ನನ್ನನ್ನು ಬಿಟ್ಟುಹೋದರು.’ ಮೊದಲನೆಯದು ಅವಿಶ್ವಾಸಕ್ಕೆ ದಾರಿ, ಎರಡನೆಯದು ಹತಾಶೆಗೆ. ಸಂಕೋಚ ಸ್ವಭಾವದ, ಒಳ್ಳೆಯ ಮಕ್ಕಳೇ ಎರಡನೆಯದರ ಕಡೆ ವಾಲುತ್ತಾರೆಂಬುದನ್ನು ಪಾಪನಿವೇದನೆಯ ಪೀಠದಲ್ಲಿ ಕುಳಿತ ಯಾವ ಗುರುವಿಗೂ ಹೇಳಿಕೊಡಬೇಕಾಗಿಲ್ಲ. ಎರಡೂ ತೀರ್ಮಾನಗಳ ತಳದಲ್ಲಿರುವ ಊಹೆ ಒಂದೇ: ದೇವರು ಇದ್ದರೆ ಅನುಭವ ಇರಬೇಕು. ಈ ಊಹೆಯನ್ನು ಮಗುವಿಗೆ ಕಲಿಸಿದವರು ಯಾರು? ಬಾಯಿಬಿಟ್ಟು ಯಾರೂ ಕಲಿಸಿಲ್ಲ. ಐದು ದಿನ ಅನುಭವವೊಂದನ್ನೇ ಉಣಬಡಿಸಿ, ಅದು ಇಳಿಯುವುದರ ಬಗ್ಗೆ ಒಂದು ಮಾತೂ ಆಡದೆ ಕಳುಹಿಸಿದರೆ ಅದು ತಾನಾಗಿಯೇ ಕಲಿತ ಪಾಠವಾಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ನಮ್ಮ ಗುರುವರ್ಗದಲ್ಲಿ ಧ್ಯಾನಕೂಟಗಳ ಕಣ್ಣೀರನ್ನೇ ಕಂಡರಾಗದವರಿದ್ದಾರೆ. ‘ಭಾವಾವೇಶ, ಮೂರು ದಿನದ ಜ್ವರ’ ಎಂದು ಕೈಕೊಡವುತ್ತಾರೆ. ಈ ತಿರಸ್ಕಾರ ದೈವಶಾಸ್ತ್ರಕ್ಕೆ ಒಪ್ಪುವಂಥದಲ್ಲ. ಕ್ಯಾರಿಸ್ಮಾಟಿಕ್ ನವೀಕರಣವೇ 1967ರ ಫೆಬ್ರವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಡುಕೇನ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳ ವಾರಾಂತ್ಯದ ಧ್ಯಾನಕೂಟದಿಂದ ಹೊರಟದ್ದು; ಅದರ ಫಲವನ್ನು ಉಂಡವರು ನಮ್ಮ ಧರ್ಮಪ್ರಾಂತ್ಯಗಳಲ್ಲಿಯೇ ಎಷ್ಟೋ ಮಂದಿ ಇದ್ದಾರೆ. ಕಣ್ಣೀರನ್ನು ಸಾಂತ್ವನದ ಒಂದು ರೂಪವೆಂದು ಎಣಿಸಿದವರು ಸ್ವತಃ ಸಂತ ಇಗ್ನೇಷಿಯಸ್ ಲೊಯೋಲರು. ಹರೆಯದ ಮಗುವಿನ ಕಣ್ಣೀರು ಅನುಗ್ರಹವಾಗಿರಬಹುದು, ಬಹುಪಾಲು ಆಗಿರುತ್ತದೆ. ಪ್ರಶ್ನೆ ಇರುವುದು ಅನುಗ್ರಹದ ಬಗ್ಗೆ ಅಲ್ಲ, ಅದನ್ನು ಪಡೆದವನಿಗೆ ಮರುದಿನದ ವಿದ್ಯೆಯನ್ನು ಯಾರು ಕೊಟ್ಟರು ಎಂಬುದರ ಬಗ್ಗೆ.

ಆ ವಿದ್ಯೆ ಇಗ್ನೇಷಿಯಸರ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥದಲ್ಲಿಯೇ ಇದೆ. ಧ್ಯಾನಕೂಟ ಎಂಬ ಪದ್ಧತಿಯೇ ನಮಗೆ ಬಹುಮಟ್ಟಿಗೆ ಬಂದದ್ದು ಆ ಗ್ರಂಥದ ಮೂಲಕ ಎಂಬುದನ್ನು ನೆನೆದರೆ ಇದು ಸೋಜಿಗದ ವಿಷಯ. ಪದ್ಧತಿಯನ್ನು ಇಟ್ಟುಕೊಂಡೆವು, ಕಾವಲನ್ನು ಕೈಬಿಟ್ಟೆವು. ಇಗ್ನೇಷಿಯಸರು ಆತ್ಮದ ಎರಡು ಸ್ಥಿತಿಗಳನ್ನು ಗುರುತಿಸುತ್ತಾರೆ. ದೇವಪ್ರೀತಿಯಿಂದ ಒಳಗು ಹೊತ್ತಿಕೊಳ್ಳುವುದು, ವಿಶ್ವಾಸ–ಭರವಸೆ–ಪ್ರೀತಿಗಳು ಹೆಚ್ಚುವುದು ಸಾಂತ್ವನ. ಕತ್ತಲೆ, ಕಳವಳ, ಜಡತೆ, ಭರವಸೆಯಿಲ್ಲದಿರುವುದು, ಸೃಷ್ಟಿಕರ್ತರಿಂದ ಬೇರ್ಪಟ್ಟಂತೆ ಅನ್ನಿಸುವುದು ಅದರ ಎದುರು ಸ್ಥಿತಿ. ಅದನ್ನು ನಾವಿಲ್ಲಿ ‘ಶುಷ್ಕತೆ’ ಎನ್ನೋಣ, ಅದು ಬರಿಯ ಒಣತನಕ್ಕಿಂತ ಹೆಚ್ಚಿನದೆಂಬ ಎಚ್ಚರದೊಡನೆ. ಶುಷ್ಕತೆ ಅಪವಾದವಲ್ಲ, ಆತ್ಮದ ಬಾಳಿನಲ್ಲಿ ಸರದಿಯಂತೆ ಬರುವ ಋತು. ಬರಲು ಮೂರು ಕಾರಣಗಳಿರಬಹುದೆಂದು 322ನೆಯ ಅಂಕದಲ್ಲಿ ಹೇಳಿದೆ: ನಮ್ಮ ಅಲಕ್ಷ್ಯ, ಪ್ರತಿಫಲದ ಸಿಹಿಯಿಲ್ಲದೆ ನಾವು ಎಷ್ಟು ದೂರ ನಡೆಯಬಲ್ಲೆವೆಂಬ ಪರೀಕ್ಷೆ, ಸಾಂತ್ವನ ನಮ್ಮ ಗಳಿಕೆಯಲ್ಲ, ದೇವರ ದಾನ ಎಂಬ ನಿಜವಾದ ಅರಿವು. ನಮ್ಮದಲ್ಲದ ಮನೆಯಲ್ಲಿ ನಾವು ಗೂಡು ಕಟ್ಟಬಾರದೆಂಬ ಭಾವದ ಹೋಲಿಕೆಯೊಂದು ಅಲ್ಲಿದೆ. ಮೂರರಲ್ಲಿ ಒಂದು ಮಾತ್ರ ತಪ್ಪಿಗೆ ಸಂಬಂಧಿಸಿದ್ದು. ಈ ಒಂದು ಸಂಗತಿ ತಿಳಿದಿದ್ದರೆ ‘ನಾನೇ ಕೆಟ್ಟವನು’ ಎಂಬ ತೀರ್ಮಾನದಿಂದ ಎಷ್ಟು ಮಕ್ಕಳು ಉಳಿಯುತ್ತಿದ್ದರು!

ಶುಷ್ಕತೆಯ ಕಾಲದಲ್ಲಿ ಹಿಂದಿನ ನಿರ್ಧಾರಗಳನ್ನು ಬದಲಿಸಬಾರದೆಂಬ 318ನೆಯ ಅಂಕದ ನಿಯಮ ಗುರುಮಠದವರೆಲ್ಲರಿಗೂ ಬಾಯಿಪಾಠ. ಅಷ್ಟು ಪ್ರಸಿದ್ಧವಲ್ಲದ 323ನೆಯದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ: ಸಾಂತ್ವನದಲ್ಲಿರುವವನು ಮುಂದೆ ಬರಲಿರುವ ಶುಷ್ಕತೆಯಲ್ಲಿ ತಾನು ಹೇಗೆ ನಡೆದುಕೊಳ್ಳಬೇಕೆಂದು ಈಗಲೇ ಯೋಚಿಸಿ ಬಲವನ್ನು ಕೂಡಿಟ್ಟುಕೊಳ್ಳಬೇಕು. ಮಳೆಗಾಲಕ್ಕೆ ಸೌದೆ ಒಟ್ಟುವುದು ಬೇಸಿಗೆಯಲ್ಲಿ ತಾನೆ? ಧ್ಯಾನಕೂಟದ ಕೊನೆಯ ದಿನವೇ ಅದಕ್ಕೆ ತಕ್ಕ ದಿನ. ಆದರೆ ಆ ದಿನವನ್ನು ನಾವು ಬಳಸುವುದು ಅನುಭವವನ್ನು ಇನ್ನೂ ಒಂದು ಮೆಟ್ಟಿಲು ಏರಿಸುವುದಕ್ಕೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು 336ನೆಯ ಅಂಕ. ದೇವರಿಂದಲೇ ನೇರವಾಗಿ ಬಂದ ಸಾಂತ್ವನದಲ್ಲಿಯೂ, ಆ ಗಳಿಗೆಯನ್ನು ಅದರ ಬೆನ್ನಿಗೇ ಬರುವ ಕಾಲದಿಂದ ಬೇರ್ಪಡಿಸಿ ನೋಡಬೇಕೆಂದು ಇಗ್ನೇಷಿಯಸರು ಎಚ್ಚರಿಸುತ್ತಾರೆ. ಬೆಂಕಿ ಆರಿದ ಮೇಲೂ ಒಲೆ ಬಿಸಿಯಾಗಿರುವಂತೆ ಆತ್ಮ ಇನ್ನೂ ಬೆಚ್ಚಗಿರುತ್ತದೆ. ಆ ಬೆಚ್ಚನೆಯಲ್ಲಿ ಮನಸ್ಸು ತನ್ನದೇ ಆಲೋಚನೆಗಳಿಂದ ಹಲವು ಸಂಕಲ್ಪಗಳನ್ನು ಹೆಣೆಯುತ್ತದೆ. ಅವು ದೇವರು ನೇರವಾಗಿ ಕೊಟ್ಟವಲ್ಲ, ಪರೀಕ್ಷಿಸದೆ ಒಪ್ಪಬಾರದು. ಈಗ ನಮ್ಮ ಕೂಟಗಳ ಸಮಾಪ್ತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಆ ಬೆಚ್ಚನೆಯ ಗಳಿಗೆಯಲ್ಲಿಯೇ ಚೀಟಿ ಹಂಚಿ ‘ದೇವರಿಗೆ ಏನು ಮಾತು ಕೊಡುತ್ತೀರಿ, ಬರೆಯಿರಿ’ ಎನ್ನುತ್ತೇವೆ. ದಿನಕ್ಕೆ ಮೂರು ಜಪಮಾಲೆ, ಪ್ರತಿ ಶುಕ್ರವಾರ ಉಪವಾಸ, ಜೀವಮಾನವಿಡೀ ಸಿನಿಮಾ ನೋಡುವುದಿಲ್ಲ, ಗುರುವಾಗುತ್ತೇನೆ, ಕನ್ಯಾಸ್ತ್ರೀಯಾಗುತ್ತೇನೆ. ಸಾಂತ್ವನದ ಉತ್ಸಾಹದಲ್ಲಿರುವವನು ಆತುರದ ಮಾತು ಅಥವಾ ಹರಕೆ ಕೊಡದಂತೆ ತಡೆಯುವುದು ನಿರ್ದೇಶಕನ ಕರ್ತವ್ಯವೆಂದು ಅದೇ ಗ್ರಂಥದ 14ನೆಯ ಪೀಠಿಕಾ ಸೂಚನೆ ಹೇಳುತ್ತದೆ. ಅದೂ ಮೂವತ್ತು ದಿನ ಮೌನದಲ್ಲಿ ಸಾಧನೆ ಮಾಡಿದ ಪ್ರೌಢರನ್ನು ಕುರಿತು. ನಾವು ಐದು ದಿನಕ್ಕೆ, ಹದಿನಾರರ ಮಕ್ಕಳಿಂದ ಮಾತು ತೆಗೆದುಕೊಳ್ಳುತ್ತೇವೆ.

ಧರ್ಮಸಭೆಯ ಕಾನೂನೂ ಈ ಬಗ್ಗೆ ಮೌನವಾಗಿಲ್ಲ. ಹರಕೆ ಎಂದರೆ ದೇವರಿಗೆ ಉದ್ದೇಶಪೂರ್ವಕವಾಗಿ, ಸ್ವತಂತ್ರವಾಗಿ ಕೊಟ್ಟ ಮಾತು ಎಂದು 1191ನೆಯ ನಿಯಮ ನಿರೂಪಿಸುತ್ತದೆ. ಖಾಸಗಿ ಹರಕೆಯಿಂದ ತಕ್ಕ ಕಾರಣಕ್ಕಾಗಿ ಬಿಡುಗಡೆ ನೀಡುವ ಅಧಿಕಾರ 1196ನೆಯ ನಿಯಮದಂತೆ ಧರ್ಮಕೇಂದ್ರದ ಗುರುವಿಗೇ ಇದೆ. ಮೂರು ಜಪಮಾಲೆಯ ಭಾರದಲ್ಲಿ ಕುಸಿದ ಮಗು ಬಂದು ಅತ್ತರೆ, ಅದು ಹರಕೆಯೋ ಬರಿಯ ಸಂಕಲ್ಪವೋ ಎಂದು ನಿಧಾನವಾಗಿ ವಿಚಾರಿಸಿ, ಬೇಕಾದರೆ ಬಿಡಿಸಿ, ಅದರ ಜಾಗದಲ್ಲಿ ಹೊರಬಲ್ಲ ಒಂದು ಸಣ್ಣ ಪ್ರಾರ್ಥನೆಯನ್ನು ಕೊಡಬಹುದು. ಈ ಅಧಿಕಾರವನ್ನು ಬಳಸುವ ಗುರುಗಳು ವಿರಳ.

ಇನ್ನು ‘ಸಾಕ್ಷ್ಯ’ದ ವಿಷಯ. ಕೊನೆಯ ದಿನ ಮಕ್ಕಳನ್ನು ವೇದಿಕೆಗೆ ಕರೆದು ಮೈಕ್ ಕೊಟ್ಟು ತಮ್ಮ ಅನುಭವ ಹೇಳಿಸುವ ವಾಡಿಕೆ ಎಲ್ಲೆಡೆ ಬೇರೂರಿದೆ. 213ನೆಯ ಪರಿಚ್ಛೇದ ಯುವಸೇವೆಗೆ ಎರಡು ಗುರಿಗಳನ್ನು ಇಡುತ್ತದೆ: ಕೆರಿಗ್ಮಾ, ಅಂದರೆ ಕ್ರಿಸ್ತರ ಮರಣ–ಪುನರುತ್ಥಾನಗಳ ಮೂಲಘೋಷಣೆ, ಮನಸ್ಸಿನಲ್ಲಿ ಆಳವಾಗುವುದು, ಸಹೋದರಪ್ರೀತಿ, ಸಮುದಾಯ ಜೀವನ, ಸೇವೆಗಳಲ್ಲಿ ಬೆಳೆಯುವುದು. ಆದರೆ ಅಲ್ಲಿಯೇ ಕೆರಿಗ್ಮಾವನ್ನು ‘ಅನುಭವ’ ಎಂಬ ಪದದೊಡನೆ ಬೆಸೆದಿರುವುದರಿಂದ ಒಂದು ಗೊಂದಲಕ್ಕೆ ಬಾಗಿಲು ತೆರೆದಂತಾಗಿದೆ. ಕೆರಿಗ್ಮಾ ಎಂದರೆ ಕ್ರಿಸ್ತರಿಗೆ ಏನಾಯಿತು ಎಂಬುದು. ನನಗೆ ಏನಾಯಿತು ಎಂಬುದು ಅದರ ಪ್ರತಿಧ್ವನಿ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಸಂತ ಪೌಲರು ತಾವು ಪಡೆದು ಒಪ್ಪಿಸಿದ್ದನ್ನು ನೆನಪಿಸುವಾಗ ಕ್ರಿಸ್ತರ ಮರಣ, ಸಮಾಧಿ, ಪುನರುತ್ಥಾನ, ಕೇಫನಿಗೂ ಹನ್ನೆರಡು ಮಂದಿಗೂ ಆದ ದರ್ಶನ ಇವನ್ನು ಹೇಳಿ, ತಮಗಾದ ದರ್ಶನವನ್ನು ಎಲ್ಲಕ್ಕಿಂತ ಕೊನೆಯಲ್ಲಿ, ಸಂಕೋಚದಿಂದಲೇ ಸೇರಿಸುತ್ತಾರೆ. ದಮಸ್ಕದ ದಾರಿಯ ಆ ಬೆಳಕಿನ ನಂತರ ಅವರ ಪಾಲಿಗೆ ಬಂದದ್ದು ಮೂರು ದಿನದ ಕುರುಡು, ಉಪವಾಸ, ಅನನೀಯ ಎಂಬ ಸ್ಥಳೀಯ ಸಮುದಾಯದ ವ್ಯಕ್ತಿಯ ಕೈ. ಗಲಾತ್ಯದವರಿಗೆ ಬರೆದ ಪತ್ರವನ್ನು ನೋಡಿದರೆ ಜೆರುಸಲೇಮಿಗೆ ಹೋಗಿ ಕೇಫನನ್ನು ಕಾಣುವ ಮೊದಲು ಮೂರು ವರ್ಷಗಳೇ ಕಳೆದಿದ್ದವು. ನಾವು ಆ ಮೂರು ವರ್ಷವನ್ನು ಮೂರು ಗಂಟೆಗೆ ಇಳಿಸಿ ಮೈಕ್ ಕೊಡುತ್ತೇವೆ. ನೂರು ಜನರ ಮುಂದೆ ‘ಯೇಸು ನನ್ನನ್ನು ಪೂರ್ತಿ ಬದಲಿಸಿದರು’ ಎಂದ ಹುಡುಗಿ ಜುಲೈ ತಿಂಗಳಲ್ಲಿ ಬದಲಾಗದ ತನ್ನನ್ನು ಕಂಡಾಗ ತಾನೇ ಸುಳ್ಳುಗಾತಿ ಎಂದುಕೊಳ್ಳುತ್ತಾಳೆ. ಆ ನೂರು ಜನರಲ್ಲಿ ಯಾರ ಮುಂದೆಯೂ ಅದನ್ನು ಹೇಳಿಕೊಳ್ಳಲಾರಳು. ಸುಳ್ಳು ಹೇಳಿದವಳು ಅವಳಲ್ಲ. ಕಾಯಿಯನ್ನು ಹಣ್ಣೆಂದು ಕೊಯ್ದವರು ನಾವು. ರೂಪಾಂತರದ ಬೆಟ್ಟದಿಂದ ಇಳಿಯುವಾಗ ಪ್ರಭು ಆ ಮೂವರು ಶಿಷ್ಯರಿಗೆ, ಮನುಷ್ಯಪುತ್ರನು ಪುನರುತ್ಥಾನ ಹೊಂದುವ ತನಕ ಕಂಡದ್ದನ್ನು ಯಾರಿಗೂ ಹೇಳಬೇಡಿರೆಂದು ಕಟ್ಟಪ್ಪಣೆ ಮಾಡಿದ್ದನ್ನು ನಮ್ಮ ಪ್ರಬೋಧಕರು ಏಕೋ ಬೇಗನೆ ದಾಟಿಬಿಡುತ್ತಾರೆ.

ಶ್ರೀಗ್ರಂಥ ಎತ್ತರದ ಅನುಭವಗಳನ್ನು ಹೇಳುವುದಕ್ಕಿಂತ ಹೆಚ್ಚು ಸಹನೆಯಿಂದ ಅವುಗಳ ಮರುದಿನವನ್ನು ಹೇಳುತ್ತದೆ. ಕೆಂಪು ಸಮುದ್ರದ ದಡದಲ್ಲಿ ಮಿರ್ಯಾಮಳ ದಮ್ಮಡಿಯ ಸದ್ದು ಅಡಗಿದೊಡನೆ ವಿಮೋಚನಾಕಾಂಡ ತೋರಿಸುವುದು ಮೂರು ದಿನ ನೀರು ಸಿಗದ ನಡಿಗೆಯನ್ನು, ಕೊನೆಗೆ ಸಿಕ್ಕ ಮಾರಾ ಎಂಬಲ್ಲಿನ ಕಹಿನೀರನ್ನು. ಅಲ್ಲಿ ಜನ ಗೊಣಗಿದರು. ದೇವರು ಅವರನ್ನು ಮತ್ತೆ ಸಮುದ್ರದ ದಡಕ್ಕೆ ಕರೆದೊಯ್ದು ಇನ್ನೊಮ್ಮೆ ನೀರನ್ನು ಸೀಳಿ ತೋರಿಸಲಿಲ್ಲ. ಎಲೀಯನದಂತೂ ಯುವಸೇವೆಯಲ್ಲಿರುವ ಪ್ರತಿಯೊಬ್ಬ ಗುರುವೂ ಮತ್ತೆ ಮತ್ತೆ ಓದಬೇಕಾದ ಅಧ್ಯಾಯ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದವನು ಮುಂದಿನ ಅಧ್ಯಾಯದಲ್ಲಿ ಅರಣ್ಯದ ಒಂದು ಗಿಡದ ಕೆಳಗೆ ಸಾವನ್ನು ಬೇಡುತ್ತ ಮಲಗುತ್ತಾನೆ. ದೇವದೂತ ಬಂದು ಪ್ರಬೋಧನೆ ಮಾಡುವುದಿಲ್ಲ, ‘ಬೆಂಕಿಯನ್ನು ನೆನಪಿಸಿಕೋ’ ಎನ್ನುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದವನನ್ನು ಬೈಯದೆ ಎರಡನೆಯ ಸಲವೂ ಎಬ್ಬಿಸಿ ಉಣಿಸುತ್ತಾನೆ. ನಲವತ್ತು ದಿನ ನಡೆದು ಹೋರೇಬ್ ಮುಟ್ಟಿದಾಗ ಬಿರುಗಾಳಿ, ಭೂಕಂಪ, ಬೆಂಕಿ ಇವುಗಳಲ್ಲಿ ಪ್ರಭುವಿಲ್ಲ. ಕರ್ಮೆಲಿನಲ್ಲಿ ಕೆಲಸ ಮಾಡಿದ ಅದೇ ಬೆಂಕಿ ಇಲ್ಲಿ ಖಾಲಿ. ‘ನಾನೊಬ್ಬನೇ ಉಳಿದಿದ್ದೇನೆ’ ಎಂಬ ಅವನ ಅಳಲಿಗೆ ಸಿಕ್ಕಿದ್ದು ಹೊಸ ದರ್ಶನವಲ್ಲ. ಏಳು ಸಾವಿರ ಜನರ ಲೆಕ್ಕ, ಎಲೀಷ ಎಂಬ ಜೊತೆಗಾರ, ಹಿಂದಿರುಗಿ ಮಾಡಬೇಕಾದ ಕೆಲಸ.

ಊಟ ಮತ್ತು ನಿದ್ರೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಲೇಬೇಕು. ಹರೆಯದವರ ಎಲ್ಲ ಕತ್ತಲೆಯೂ ಆಧ್ಯಾತ್ಮಿಕ ಶುಷ್ಕತೆಯಲ್ಲ. ಸಂತ ಶಿಲುಬೆಯ ಯೊವಾನ್ನರು ‘ಕತ್ತಲ ರಾತ್ರಿ’ಯ ಮೊದಲ ಭಾಗದ ಒಂಬತ್ತನೆಯ ಅಧ್ಯಾಯದಲ್ಲಿ, ದೇವರ ಶುದ್ಧೀಕರಣದಿಂದ ಬರುವ ಒಣತನವನ್ನು ಪಾಪದಿಂದಲೋ ದೇಹದ ಅಸ್ವಾಸ್ಥ್ಯದಿಂದಲೋ ಬರುವುದರಿಂದ ಬೇರ್ಪಡಿಸಲು ಮೂರು ಗುರುತುಗಳನ್ನು ಕೊಡುತ್ತಾರೆ. ಹದಿನಾರನೆಯ ಶತಮಾನದ ಆ ಅನುಭಾವಿಗೆ ಇದ್ದ ಎಚ್ಚರ ನಮಗೂ ಬೇಡವೆ? ವಾರಗಟ್ಟಲೆ ನಿದ್ರೆಯಿಲ್ಲದ, ಊಟ ಬಿಟ್ಟ, ಬದುಕೇ ಬೇಡವೆನ್ನುವ ಮಗುವಿಗೆ ಮೊದಲು ಬೇಕಾದವರು ಮನೋವೈದ್ಯರು. ‘ಪ್ರಾರ್ಥನೆ ಸಾಲದು’ ಎನ್ನುವ ಗುರು ಅಲ್ಲ. ಅದೇ ಗ್ರಂಥದ ಆರಂಭದಲ್ಲಿ ಯೊವಾನ್ನರು ಕೊಡುವ ಹೋಲಿಕೆ ನಮ್ಮ ಮನೆಗಳಿಗೂ ಹೊಸದಲ್ಲ: ತಾಯಿ ಮೊಲೆಗೆ ಕಹಿ ಹಚ್ಚಿ ಕೂಸಿಗೆ ಹಾಲು ಬಿಡಿಸಿ, ತೋಳಿನಿಂದಿಳಿಸಿ ನಡೆಯಲು ಬಿಡುತ್ತಾಳೆ. ಅಲ್ಲಿ ಲೋಳೆಸರ, ಇಲ್ಲಿ ಬೇವು. ಹಾಲು ಬಿಟ್ಟ ಕೂಸಿಗೆ ಅನ್ನ ಸಿದ್ಧವಿರಬೇಕು, ಅಷ್ಟೆ.

ನ್ಯಾಯವಾಗಿ ಹೇಳಬೇಕಾದರೆ, ‘ಕ್ರಿಸ್ತುಸ್ ವಿವಿತ್’ ಬಿಟ್ಟ ಕಂದಕವನ್ನು ತುಂಬಿದವರು ಜಗದ್ಗುರು ಫ್ರಾನ್ಸಿಸರೇ. ಪತ್ರದ ಒಂಬತ್ತನೆಯ ಅಧ್ಯಾಯ ವಿವೇಚನೆಯನ್ನು ಕುರಿತದ್ದಾದರೂ ಅದರ ಕಣ್ಣು ಬಹುಮಟ್ಟಿಗೆ ದೈವಕರೆಯ ಆಯ್ಕೆಯ ಮೇಲಿದೆ. ಆದರೆ 2022ರ ಆಗಸ್ಟ್ 31ರಿಂದ ಬುಧವಾರದ ಸಾರ್ವಜನಿಕ ದರ್ಶನಗಳಲ್ಲಿ ಅವರು ವಿವೇಚನೆಯನ್ನು ಕುರಿತು ಕೊಟ್ಟ ಧರ್ಮೋಪದೇಶಮಾಲೆಯಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರ್ ಕೊನೆಯವರೆಗಿನ ಭಾಗ ಪೂರ್ತಿಯಾಗಿ ಶುಷ್ಕತೆ ಮತ್ತು ಸಾಂತ್ವನಗಳಿಗೆ ಮೀಸಲು. 212ನೆಯ ಪರಿಚ್ಛೇದವನ್ನು ಆ ಉಪದೇಶಗಳ ಜೊತೆಯಲ್ಲಿಟ್ಟು ಓದಿದರೆ ಮಾತ್ರ ಅದು ಪೂರ್ಣವಾಗುತ್ತದೆಂಬುದು ನಮ್ಮ ಅಭಿಪ್ರಾಯ. ನಮ್ಮ ಯುವನಿರ್ದೇಶಕರ ಕೈಪಿಡಿಗಳಲ್ಲಿ ಮೊದಲನೆಯದಿದೆ, ಎರಡನೆಯದಿಲ್ಲ.

ನಮ್ಮ ನೆಲದ ಒಂದು ಮಾತನ್ನೂ ಇಲ್ಲಿ ನೆನೆಯಬಹುದು. ಎರಡು ಪರಂಪರೆಗಳನ್ನು ಸಮೀಕರಿಸುವ ಆತುರ ನಮಗಿಲ್ಲ. ಶರಣರ ಷಟ್‌ಸ್ಥಲದಲ್ಲಿ ಭಕ್ತನದು ಶ್ರದ್ಧಾಭಕ್ತಿ, ಮಹೇಶನದು ನಿಷ್ಠಾಭಕ್ತಿ, ಪ್ರಸಾದಿಯದು ಅವಧಾನಭಕ್ತಿ, ಪ್ರಾಣಲಿಂಗಿಯದು ಅನುಭಾವಭಕ್ತಿ; ಆನಂದಭಕ್ತಿ ಬರುವುದು ಐದನೆಯದಾದ ಶರಣಸ್ಥಲದಲ್ಲಿ. ಶ್ರದ್ಧೆಗೂ ಆನಂದಕ್ಕೂ ನಡುವೆ ನಿಷ್ಠೆ, ಅವಧಾನಗಳೆಂಬ ಎರಡು ನಿಧಾನದ ಮೆಟ್ಟಿಲುಗಳಿವೆ. ನಾವು ಮಕ್ಕಳನ್ನು ಮೊದಲನೆಯ ಮೆಟ್ಟಿಲಿನಿಂದ ಐದನೆಯದಕ್ಕೆ ಎತ್ತಿ ನಿಲ್ಲಿಸಿ ಕೈಬಿಡುತ್ತೇವೆ. ನಿಷ್ಠೆ, ಅವಧಾನ ಎಂಬ ಎರಡು ಕನ್ನಡಿಗರ ಪದಗಳು ನಮ್ಮ ಯುವಸೇವೆಯ ಶಬ್ದಕೋಶದಲ್ಲಿ ಸೇರುವುದಾದರೆ ಅದೇ ದೊಡ್ಡ ಲಾಭ.

ಮರುದಿನದ ಬಗ್ಗೆ ಮೊದಲೇ ಯೋಚಿಸಿದ ಆಂದೋಲನಗಳು ಇಲ್ಲದಿಲ್ಲ. 1940ರ ದಶಕದಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಹುಟ್ಟಿದ ಕುರ್ಸಿಯೊ ಮೂರು ದಿನಗಳ ಕೂಟ. ಆದರೆ ಅದರ ತಿರುಳು ‘ನಾಲ್ಕನೆಯ ದಿನ’. ಕೂಟ ಮುಗಿದಂದಿನಿಂದ ಸಾಯುವ ತನಕದ ಬದುಕಿಗೆ ಅವರು ಕೊಟ್ಟ ಹೆಸರದು. ನಾಲ್ಕೈದು ಜನರ ಸಣ್ಣ ಗುಂಪು ನಿಯತವಾಗಿ ಸೇರಿ ಪ್ರಾರ್ಥನೆ, ಅಧ್ಯಯನ, ಪ್ರೇಷಿತ ಕಾರ್ಯಗಳ ಬಗ್ಗೆ ಒಬ್ಬರಿಗೊಬ್ಬರು ಲೆಕ್ಕ ಒಪ್ಪಿಸುವುದು ಅದರ ಕ್ರಮ. ಅದನ್ನೇ ನಕಲು ಮಾಡಬೇಕೆಂದಿಲ್ಲ. ನಮ್ಮಲ್ಲಿ ವೈಸಿಎಸ್ ಇದೆ. ನೋಡು, ವಿವೇಚಿಸು, ಕಾರ್ಯಗೈ ಎಂಬ ಕಾರ್ಡಿನಲ್ ಕಾರ್ಡೈನ್ ಅವರ ವಿಧಾನ ಅದರ ಬೆನ್ನೆಲುಬು. ಐಸಿವೈಎಂ ಇದೆ. ಪ್ಯಾರಿಸ್ಸಿನಲ್ಲಿ 1833ರಲ್ಲಿ ಇಪ್ಪತ್ತರ ಹರೆಯದ ಫ್ರೆಡರಿಕ್ ಓಜಾನಮ್ ಗೆಳೆಯರೊಡನೆ ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಎಷ್ಟೋ ಧರ್ಮಕೇಂದ್ರಗಳಲ್ಲಿ ಅರವತ್ತು ದಾಟಿದವರ ಸಭೆಯಾಗಿ ಉಳಿದಿದೆ. ಕೂಟದಿಂದ ಬಂದ ಹುಡುಗನನ್ನು ವಾರಕ್ಕೊಮ್ಮೆ ಹಾಸಿಗೆ ಹಿಡಿದ ಬಡವರ ಮನೆಗೆ ಕರೆದೊಯ್ಯಲು ಅದಕ್ಕಿಂತ ಒಳ್ಳೆಯ ಜೊತೆ ಸಿಗಲಾರದು. ಕೂಟ ನಡೆಸುವವರಿಗೂ ಈ ಗುಂಪುಗಳಿಗೂ ಮಾತುಕತೆಯೇ ಇಲ್ಲದಿರುವುದು ಕೊರತೆ.

ಮನೆಯನ್ನೂ ಮರೆಯಬಾರದು. ಸಂಜೆಯ ಹೊತ್ತು ದೇವರ ಪೀಠದ ಮುಂದೆ ದೀಪ ಹಚ್ಚಿ ಅಜ್ಜಿ ಹೇಳಿಸುವ ಜಪಮಾಲೆ ಹಲವು ಮನೆಗಳಲ್ಲಿ ಇನ್ನೂ ನಿಂತಿಲ್ಲ. ಕೂಟದಿಂದ ಬಂದ ಮೊಮ್ಮಗನಿಗೆ ಅದು ಜೀವವಿಲ್ಲದ ಗೊಣಗಾಟವಾಗಿ ಕೇಳಿಸುತ್ತದೆ. ಕೆಲವೊಮ್ಮೆ ಅವನು ಹಾಗೆಂದು ಹೇಳಿಯೂ ಬಿಡುತ್ತಾನೆ. ಆದರೆ ಗಂಡ ತೀರಿದ ವರ್ಷ, ಮಳೆ ಕೈಕೊಟ್ಟ ವರ್ಷ, ಏನೂ ಅನ್ನಿಸದ ಎಷ್ಟೋ ಸಂಜೆಗಳಲ್ಲಿ ಆಕೆ ಮಣಿ ಎಣಿಸಿದ್ದಾಳೆ. ಶುಷ್ಕತೆಯಲ್ಲಿ ಪ್ರಾರ್ಥಿಸುವುದು ಹೇಗೆಂದು ಆ ಧರ್ಮಕೇಂದ್ರದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಆಕೆಯೇ. ಕೂಟದ ಕೊನೆಯ ಉಪನ್ಯಾಸವನ್ನು ಪ್ರಸಿದ್ಧ ಪ್ರಬೋಧಕರ ಬದಲು ಅಂಥ ಒಬ್ಬ ಅಜ್ಜಿಯಿಂದ ಕೇಳಿಸಿದರೆ ಹೇಗೆ ಎಂದು ನಮಗೆ ಅನ್ನಿಸಿದ್ದುಂಟು. ಮಕ್ಕಳು ಆಕಳಿಸಬಹುದು, ಆಕಳಿಸಲಿ.

ಪ್ರಾರ್ಥನೆಯ ಅಳತೆಯನ್ನೂ ತಗ್ಗಿಸಬೇಕು. ಲೋಕದ ಕೆಲಸದಲ್ಲಿ ಮುಳುಗಿದವನಿಗೆ ಊರು ಬಿಡದೆಯೇ, ದಿನಕ್ಕೆ ಒಂದೂವರೆ ಗಂಟೆಯಂತೆ ಸಾಧನೆ ಮಾಡಿಸುವ ದಾರಿಯನ್ನು ಇಗ್ನೇಷಿಯಸರು 19ನೆಯ ಸೂಚನೆಯಲ್ಲಿ ತೋರಿಸಿದ್ದಾರೆ. ವಯಸ್ಸು, ವಿದ್ಯೆ, ಶಕ್ತಿಗೆ ತಕ್ಕಷ್ಟೇ ಕೊಡಬೇಕೆಂದು 18ನೆಯದರಲ್ಲಿ. ಪಿಯುಸಿ ವಿದ್ಯಾರ್ಥಿಗೆ ಒಂದೂವರೆ ಗಂಟೆಯೂ ಬೇಡ. ರಾತ್ರಿ ಮಲಗುವ ಮುನ್ನ ಹತ್ತು ನಿಮಿಷದ ಆತ್ಮಶೋಧನೆ, ಭಾನುವಾರದ ಬಲಿಪೂಜೆ, ತಿಂಗಳಿಗೊಮ್ಮೆ ಅದೇ ಗುರುವಿನ ಬಳಿ ಪಾಪನಿವೇದನೆ. ‘ಅದೇ ಗುರು’ ಎಂಬುದಕ್ಕೆ ಒತ್ತು ಕೊಡುತ್ತೇವೆ. ಧ್ಯಾನಕೂಟದಲ್ಲಿ ಮಗು ಮನಬಿಚ್ಚಿದ್ದು ಮತ್ತೆಂದೂ ಕಾಣದ ಗುರುವಿನ ಮುಂದೆ. ಆ ಅಪರಿಚಯವೇ ಅದಕ್ಕೆ ಧೈರ್ಯ ಕೊಟ್ಟದ್ದೂ ಹೌದು. ಸಂಸ್ಕಾರದ ಗೌಪ್ಯವನ್ನು ಯಾರೂ ಮುಟ್ಟುವಂತಿಲ್ಲ. ಆದರೆ ಬಿಡುವ ಮುನ್ನ ಆ ಗುರು ‘ನಿನ್ನ ಊರಿನಲ್ಲಿ ಇದನ್ನು ಯಾರ ಬಳಿ ಮುಂದುವರಿಸುತ್ತೀಯಪ್ಪ?’ ಎಂದು ಕೇಳಿ, ಉತ್ತರ ಬರುವ ತನಕ ಕಾಯಬಹುದು.

ಕೊನೆಗೆ ಗುರುವಿದ್ಯಾರ್ಥಿಗಳಿಗೆ ಒಂದು ಮಾತು. ಬೇಸಿಗೆಯಲ್ಲಿ ಧರ್ಮಕೇಂದ್ರಗಳಿಗೆ ಹೋದಾಗ ಕೂಟದ ಹಾಡು, ಆಟ, ಗಿಟಾರ್ ಎಲ್ಲವೂ ನಿಮ್ಮ ಪಾಲ್ಗೇ ಬೀಳುತ್ತವೆ. ಮಕ್ಕಳು ಗುರುಗಳಿಗಿಂತ ನಿಮಗೇ ಹೆಚ್ಚು ಅಂಟಿಕೊಳ್ಳುತ್ತಾರೆ. ಅನುಭವದ ಮುಖವೇ ನೀವಾಗಿಬಿಡುವ ಅಪಾಯ ಅಲ್ಲಿದೆ, ಏಕೆಂದರೆ ಜೂನ್‌ನಲ್ಲಿ ನೀವೂ ಗುರುಮಠಕ್ಕೆ ಹಿಂದಿರುಗುತ್ತೀರಿ. ಆದುದರಿಂದ ಕೂಟಕ್ಕೆ ಮುನ್ನವೇ ಧರ್ಮಕೇಂದ್ರದ ಗುರುಗಳ ಒಪ್ಪಿಗೆ ಪಡೆದು, ಊರಿನಲ್ಲಿಯೇ ಉಳಿಯುವ ನಾಲ್ಕು ಮಂದಿ ಹಿರಿಯರನ್ನು ಹುಡುಕಿರಿ: ಒಬ್ಬ ಶಿಕ್ಷಕಿ, ಒಬ್ಬ ಉಪದೇಶಿ, ಹಾಸ್ಟೆಲ್ ಇರುವ ಪೇಟೆಯಲ್ಲಿ ಕೆಲಸ ಮಾಡುವ ಒಬ್ಬರು, ಹೀಗೆ. ಒಬ್ಬೊಬ್ಬರಿಗೆ ಐದು ಮಕ್ಕಳ ಹೆಸರು ಕೊಡಿರಿ, ತಂದೆ ತಾಯಂದಿರಿಗೆ ತಿಳಿಸಿಯೇ. ಸಂಕಲ್ಪದ ಚೀಟಿಗಳನ್ನು ಸಂಗ್ರಹಿಸುವುದಾದರೆ ಪೀಠದ ಮುಂದೆ ಸುಡಬೇಡಿರಿ. ಲಕೋಟೆಯಲ್ಲಿ ಅಂಟಿಸಿ ಆ ಹಿರಿಯರ ಬಳಿ ಇಡಿರಿ. ನಲವತ್ತನೆಯ ದಿನ, ಅಂದರೆ ಮೇ ಮೊದಲ ವಾರದ ಕೂಟಕ್ಕೆ ಜೂನ್ ಎರಡನೆಯ ವಾರದ ಒಂದು ಭಾನುವಾರ, ಬಲಿಪೂಜೆಯ ನಂತರ ಮಕ್ಕಳು ಸೇರಿ ತಮ್ಮ ತಮ್ಮ ಲಕೋಟೆ ಬಿಚ್ಚಿ, ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಚಿಕ್ಕದಾಗಿಸುವುದು, ಯಾವುದನ್ನು ಬಿಡುವುದು ಎಂದು ಆ ಹಿರಿಯರೊಡನೆ ಕುಳಿತು ನೋಡಲಿ. ಹಾಡಿನ ತಂಡ ಬೇಕಾಗಿಲ್ಲ. ಚಹಾ, ತಿಂಡಿಗೆ ಹೇಳಿಡಿರಿ. ಈ ವರ್ಷದ ಕೂಟದ ಪ್ರಕಟಣೆ ಅಚ್ಚಿಗೆ ಹೋಗುವ ಮುನ್ನ ಆ ಭಾನುವಾರದ ತಾರೀಖನ್ನೂ ಅದೇ ಹಾಳೆಯಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಹಾಕಿಸಿರಿ.